ಕೂಡಿಸೋ ಗುರುತು

ಹುಬ್ಬಳ್ಳಿಯಿಂದ ಬಂದವ ಎರಡು ಡಬ್ಬಿ ಇಳಿಸಿ ಹೋದ.
ಒಂದು ವಾರ ನೋಡ್ರಿ ಮೇಡಂ, ಬೇಕಾದ್ದು ಇಟ್ಕೊಳ್ರಿ,
ಬ್ಯಾಡಾದ್ದು ಶುಕ್ರವಾರ ಒಯ್ತೀನಿ,
ಗೀರು ಬಿದ್ರ ಮಾತ್ರ ನಿಮ್ಮ ಜವಾಬ್ದಾರಿ.
ಸಾಹೇಬರು ಹಾಳಿ ಕೊಟ್ರು, ನಾಕು ಕಾಲಮ್ಮು:
ದೂರ, ಸ್ಪಷ್ಟ, ಬ್ಯಾಟರಿ, ಬೆಲೆ.
ತುದಿಗೆ ಷರಾ ಅಂತ ಬೆರಳಗಲ ಜಾಗಾ.

ಬೇಟೆಯವರಿಗಂತ ಎಲ್ಲೋ ಮಾಡಿದ ಮಾಲು.
ಡಬ್ಬಿ ಮ್ಯಾಲೆ ಕೋಡು ಕವಲೊಡದ ಪರದೇಶದ ಜಿಂಕಿ,
ಕಪ್ಪತಗುಡ್ಡದಾಗ ಅಂಥಾದ್ದನ್ನ ಯಾರೂ ಕಂಡಿಲ್ಲ.
ನಮಗ ಬೇಕಾದ್ದು ಬೇಟೆಯವರನ್ನ ಹಿಡಿಯಾಕ.

ಡೋಣಿ ದಾಟಿ ಗಾಳಿಕಂಬದ ಬುಡಕ್ಕ ಕೂತ್ವಿ,
ನಾನು, ವಾಚರ್ ಮಾಬುಸಾಬ.
ಮ್ಯಾಲೆ ಕೆಂಪು ದೀಪ ಹತ್ತತಿತ್ತು, ಆರತಿತ್ತು.
ರೆಕ್ಕಿ ತಿರುಗೋ ಸಪ್ಪಳ
ಹಗೇವಿನಾಗ ಯಾರೋ ಕಂಬಳಿ ಜಾಡಿಸಿದಂಗ.
ಮಾಬುಸಾಬ ಹಿಂದಕ ಮೊಲದ ಬೇಟೆಗಾರ,
ಹಣಿಗೆ ಬ್ಯಾಟರಿ ಕಟ್ಟಿ ಇದ ಗುಡ್ಡ ತಿರಗಿದವ.
ಈಗ ದಿನಗೂಲಿ ಮ್ಯಾಲೆ ಅದ ಮೊಲ ಕಾಯ್ತಾನ.
ಅದರ ನಾಚಿಕಿ ಇಲ್ಲ, ಹೆಮ್ಮಿನೂ ಇಲ್ಲ,
ಚಾದಾಗ ಸಕ್ಕರಿ ಕಮ್ಮಿ ಆತಂದ್ರ ಮಾತ್ರ ಸಿಟ್ಟು.

ಮೊದಲನೇದು ಹಸರು.
ಹೊಲ, ಕಂಟಿ, ಕಲ್ಲು, ಎಲ್ಲಾ
ಪಾಚಿಗಟ್ಟಿದ ಬಾವ್ಯಾಗ ಮುಳುಗಿದಂಗ.
ಇನ್ನೂರು ಮೀಟರಿನ ಆಚೆ ಬರೇ ಕಲಸಿದ ಹಿಟ್ಟು.
ಮೂರು ತಾಸಿಗೆ ಕೈ ಕೊಟ್ಟಿತು.

ಎರಡನೇದು ಕರಿ-ಬಿಳಿ.
ನಾಕನೂರು ಮೀಟರಿಗೆ ಬಾರಿಮುಳ್ಳಿನ ಕೊಂಕು ಎಣಸಬಹುದು.
ಬೆಳತನಕ ಜೀವಾ ಹಿಡಿತು.
ಬರಕೊಂಡೆ.

ಮಾಬುಸಾಬ ಕಣ್ಣಿಟ್ಟು ನೋಡಿದ, ತೆಗದ, ಒರಸಿದ, ಮತ್ತ ನೋಡಿದ.
ಕಣ್ಣಿನ ಬಣ್ಣಾ ಎಲ್ಲಿ ಹೋದುವ್ರಿ?
ಮೊಲದ್ದು ಕೆಂಡ ಇರತೈತಿ,
ತ್ವಾಳದ್ದು ಹಣ್ಣಾಗೋ ಲಿಂಬಿಕಾಯಿ,
ನೆಲಕ್ಕ ಕೂತ ನತ್ತಿಂಗದ್ದು ಬೀಡಿ ತುದಿ.
ಇದರಾಗ ಎಲ್ಲಾ ಒಂದ ಟಂಕಸಾಲ್ಯಾಗ ಹೊಡದ ರೊಕ್ಕ.
ಆಮ್ಯಾಲೆ ತಾನ ಹೇಳಿದ:
ಅಡ್ಡಿಯಿಲ್ಲ, ಕುರಿ ನೋಡಿದ್ದು ನೋಡತಾವ.
ತ್ವಾಳ ನೋಡತೈತಿ, ಮಾರಿ ತಿರುವತೈತಿ,
ಏನೂ ನೋಡಿಲ್ಲ ಅನ್ನಂಗ.

ಒಂದು ಬಾಕಿ ಉಳೀತು.
ಎರಡನೇದರ ನಡುವ ಒಂದು ಗುರುತು,
ಸಾಲ್ಯಾಗ ಪಾಟಿ ಮ್ಯಾಲೆ ಬರಸತಿದ್ರಲ್ಲ, ಕೂಡಿಸೋದು, ಅದ.
ಕಳಿಯಾಕಂತ ಮಾಡಿದ್ದು.
ಮೊದಲನೇದರಾಗ ಗುಂಡಿ ಒತ್ತಿದ್ರ ಆರತೈತಿ.
ಇದರಾಗ ಏನು ಒತ್ತಿದ್ರೂ ಹೋಗವಲ್ದು.
ರಾತ್ರಿ ಹನ್ನೊಂದಕ್ಕ ಹುಬ್ಬಳ್ಳಿಗೆ ಫೋನು:
ಅದು ಕಂಪನಿಯವರು ಹಾಕಿದ್ದು ಮೇಡಂ,
ಇದ್ರ ಇರಲಿ ಬಿಡ್ರಿ, ನಿಮಗೇನು ತ್ರಾಸು?

ತಾಯಿ ತ್ವಾಳ ಬಂತು, ಹಿಂದ ಮೂರು ಮರಿ.
ಅದರ ಕುತಿಗಿ ಮ್ಯಾಲೆ ಗುರುತು.
ಸರಿಸಿದೆ, ಮರಿ ಮ್ಯಾಲೆ ಬಿತ್ತು.
ಮತ್ತ ಸರಿಸಿದೆ, ಕುರಿಹಟ್ಟಿ,
ಕಂಬಳಿ ಹೊಚಗೊಂಡ ಹುಡುಗನ ಎದಿ.
ಅವ ನಿದ್ದ್ಯಾಗ ಕೆಮ್ಮಿದ.
ಗುರುತು ಅಲುಗಲಿಲ್ಲ.

ಮಾಬುಸಾಬ ನೀರು ಕುಡಿಯಾಕ ಎದ್ದು ಜೀಪಿನ ಕಡೆ ಹೋದ.
ಬೇಕಂತ ಅಲ್ಲ, ಕೈ ತಿರುಗಿತು.
ಬೆನ್ನು. ಅಂಗಿ ಹೊಲಿಗಿ ಬಿಚ್ಚಿದ್ದು ಸುದ್ದಾ ಕಂಡಿತು.
ಅವ ಗಕ್ಕನ ತಿರುಗಿ ನಿಂತ.
ಮೇಡಮ್ಮಾರ, ಆ ಕಡೆ ಹಿಡೀರಿ.

ಅದರ ದೀಪಾ ಯಾರ ಕಣ್ಣಿಗೂ ಬೀಳಂಗಿಲ್ಲ ಅಂದಿದ್ದ ಹುಬ್ಬಳ್ಳಿಯವ.
ಬೀಳತೈತ್ರಿ, ಅಂದ ಮಾಬುಸಾಬ,
ಊದಿನಕಡ್ಡಿ ತುದಿಯಷ್ಟು, ಕೆಂಪಗ.
ಕೂತು ಬಾಟಲಿ ಮುಚ್ಚಳ ತಿರುವಿದ, ತಿರುವಿದ, ಕುಡಿಲಿಲ್ಲ.
ಇಪ್ಪತ್ತು ವರ್ಷ ಬೆಳಕು ಹಿಡದೇನಿ.
ಈ ಕಡೆ ಎಂದೂ ನಿಂತಿದ್ದಿಲ್ಲ.

ಶುಕ್ರವಾರ.
ದೂರ ಎರಡನೇದು, ಸ್ಪಷ್ಟ ಎರಡನೇದು,
ಬ್ಯಾಟರಿ ಎರಡನೇದು, ಬೆಲಿನೂ ಅದರದ್ದ ಅಗ್ಗ.
ಷರಾ: ಮೊದಲನೇದು ಇರಲಿ. ಗುರುತು ಆರಸಾಕ ಬರತೈತಿ.
ಸಾಹೇಬರು ಎರಡು ಸಲ ಓದಿದ್ರು.
ಇದೇನು ಕಾರಣ ಆತೇನವಾ, ಅಂದ್ರು,
ಆದರೂ ಸಹಿ ಹಾಕಿದ್ರು, ಊಟದ ಹೊತ್ತಾಗಿತ್ತು.

ಹುಬ್ಬಳ್ಳಿಯವ ಎರಡನೇದನ್ನ ಡಬ್ಬ್ಯಾಗ ಇಡೋಕ್ಕಿಂತ ಮೊದಲ
ಕಣ್ಣಿಗೆ ಹಿಡದ, ಟೇಬಲ್ಲಿನ ಆಚೆಯಿಂದ
ನನ್ನ ಕಡೆ ತಿರುವಿ, ಸಾವಕಾಶ ನೋಡಿದ.
ಒಂದು ಗೀರೂ ಬಿದ್ದಿಲ್ಲ ಮೇಡಂ, ಅಂದ.